ಸುಣ್ಣ ಬಡಿದ ಹುಳು: ಟೊಮೆಟೊ ಹೊಲದಲ್ಲಿ ಶಿಲೀಂಧ್ರದ ಕೆಲಸ

[ದೃಶ್ಯ: ಬೀದರ್ ಜಿಲ್ಲೆಯ ಸೋಯಾ ಹೊಲ. ಮಳೆ ಬಿಟ್ಟ ಬೆಳಗು. ಎಲೆಯ ಮೇಲೆ ಬಿಳುಚಿ ಗಟ್ಟಿಯಾದ ಒಂದು ಹುಳು.]

ನಿರೂಪಣೆ: ನಮಸ್ಕಾರ. ಭಾಲ್ಕಿ, ಔರಾದ ಕಡೆ ಸೋಯಾ ಬೆಳೆಯುವವರು ಶ್ರಾವಣದ ಜಡಿಮಳೆ ಕಳೆದ ಮೇಲೆ ಹೊಲದೊಳಗೆ ಕಾಲಿಟ್ಟರೆ, ಎಲೆಗೆ ಅಂಟಿಕೊಂಡೇ ಸತ್ತು, ಮೊದಲು ಬೆಳ್ಳಗಾಗಿ ಆಮೇಲೆ ತಿಳಿಹಸಿರು ಹಿಟ್ಟು ಮೆತ್ತಿದಂತಾದ ಹುಳುಗಳನ್ನು ಕಂಡಿರುತ್ತಾರೆ. ಯಾರೂ ಔಷಧಿ ಹೊಡೆಯದಿದ್ದರೂ ಆ ಹುಳುಗಳನ್ನು ಕೊಂದದ್ದು ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ನೊಮುರಿಯಾ ಎಂಬ ಹೆಸರಿದೆ. ನಮ್ಮ ಎರೆಭೂಮಿಯಲ್ಲಿ ಮೊದಲಿನಿಂದಲೂ ನಡೆಯುತ್ತಿರುವ ಈ ಕೆಲಸವನ್ನು ಟೊಮೆಟೊ ಹೊಲಕ್ಕೆ ಹೇಗೆ ತರಬಹುದು ಎಂಬುದೇ ಇಂದಿನ ವಿಷಯ.

ರೇಷ್ಮೆ ಸಾಕಿದವರಿಗೆ ಇಂಥ ಶಿಲೀಂಧ್ರಗಳ ಇನ್ನೊಂದು ಮುಖ ಗೊತ್ತು. ಹುಳು ಬಿಳಿ ಸೀಮೆಸುಣ್ಣದ ತುಂಡಿನಂತೆ ಗಟ್ಟಿಯಾಗುವ ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ತೋರಿಸಿಕೊಟ್ಟರು. ಅವರ ಹೆಸರನ್ನೇ ಹೊತ್ತ ಆ ಶಿಲೀಂಧ್ರ, ಬ್ಯೂವೇರಿಯಾ ಬೇಸಿಯಾನ, ಇಂದು ಹುಳು ಕೊಲ್ಲುವ ಪುಡಿಯಾಗಿಯೂ ದ್ರವವಾಗಿಯೂ ಅಂಗಡಿಯಲ್ಲಿ ಸಿಗುತ್ತದೆ. ಆದ್ದರಿಂದ ಹಿಪ್ಪುನೇರಳೆ ತೋಟವಾಗಲಿ, ರೇಷ್ಮೆ ಸಾಕುವ ಮನೆಯಾಗಲಿ ಹತ್ತಿರದಲ್ಲಿದ್ದರೆ ಇದನ್ನು ಬಳಸಲೇಬೇಡಿ. ಪಕ್ಕದ ಹೊಲದವರ ಸಾಕಣೆಯನ್ನೂ ವಿಚಾರಿಸಿಕೊಳ್ಳಿ.

[ದೃಶ್ಯ: ಟೊಮೆಟೊ ಕಾಯಿಯೊಳಗೆ ಅರ್ಧ ತೂರಿದ ಹುಳು, ನಂತರ ತೊಗರಿ ಕಾಯಿಯ ಮೇಲೆ ಅದೇ ಹುಳು.]

ನಿರೂಪಣೆ: ಟೊಮೆಟೊ ಕಾಯಿಯನ್ನು ಕೊರೆಯುವ ಈ ಹುಳು ನಮಗೆ ಹೊಸದಲ್ಲ. ತೊಗರಿ ಮತ್ತು ಕಡಲೆಯ ಕಾಯಿಗೆ ಬೀಳುವ ಹೆಲಿಕೋವರ್ಪ ಎಂಬ ಹುಳುವೇ ಇದು. ತೊಗರಿಯ ನಾಡಾದ ಕಲಬುರಗಿಯಲ್ಲಿ ಬಾವಿ ನೀರಿನ ಆಸರೆಯಿಂದ ಅರ್ಧ ಎಕರೆ ಟೊಮೆಟೊ ಹಾಕಿದವರ ಸುತ್ತಲೂ ಈ ಕೀಟಕ್ಕೆ ಊಟ ಸಿದ್ಧವಾಗಿಯೇ ಇರುತ್ತದೆ. ಇದರ ಜೊತೆಗೆ ಎಲೆಯನ್ನು ಜಾಲರಿಯಂತೆ ಮಾಡುವ ಸ್ಪೊಡಾಪ್ಟೆರಾ ಎಂಬ ಹುಳುವಿದೆ. ಭಾರತದಲ್ಲಿ 2014ರಲ್ಲಿ ಕಾಣಿಸಿಕೊಂಡು ಎಲೆಯೊಳಗೆ ಸುರಂಗ ತೋಡುವ ಟೂಟಾ ಎಂಬ ಹುಳು ಕೂಡ ಇದೆ.

ಶಿಲೀಂಧ್ರ ಕೊಲ್ಲುವ ಬಗೆಯನ್ನು ಅರಿತರೆ ಬಳಕೆಯ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ರಾಸಾಯನಿಕ ಕೀಟನಾಶಕಗಳಲ್ಲಿ ಅನೇಕವು ಎಲೆಯ ಜೊತೆಗೆ ಹುಳುವಿನ ಹೊಟ್ಟೆಗೆ ಹೋಗಿಯೂ ಕೆಲಸ ಮಾಡುತ್ತವೆ. ಶಿಲೀಂಧ್ರದ ಬೀಜಕಣ ಮಾತ್ರ ಹುಳುವಿನ ಚರ್ಮಕ್ಕೆ ಅಂಟಿ, ಅಲ್ಲಿಯೇ ತೇವ ಸಿಕ್ಕರೆ ಮೊಳೆತು, ಚರ್ಮವನ್ನು ಕರಗಿಸುವ ಕಿಣ್ವಗಳ ನೆರವಿನಿಂದ ಒಳಗೆ ಇಳಿಯುತ್ತದೆ. ಒಳಗೆ ಹುಳುವಿನ ರಕ್ತದಲ್ಲಿಯೇ ಅದು ವೃದ್ಧಿಯಾಗುತ್ತದೆ, ವಿಷವಸ್ತುಗಳನ್ನೂ ಬಿಡುತ್ತದೆ. ಹುಳು ಸಾಯಲು ಸುಮಾರು 4ರಿಂದ 10 ದಿನ ಬೇಕು. ಬೀಜಕಣ ಒಳಗಿಳಿಯುವ ಮೊದಲೇ ಹುಳು ಪೊರೆ ಕಳಚಿದರೆ, ಕಳಚಿದ ಪೊರೆಯ ಜೊತೆ ಆ ಬೀಜಕಣವೂ ಉದುರಿಹೋಗಿ ಹುಳು ಬದುಕಿಕೊಳ್ಳುತ್ತದೆ.

ಹೀಗಾಗಿ ಕಾಯಿಯೊಳಗೆ ಸೇರಿಕೊಂಡ ದೊಡ್ಡ ಹುಳುವಿನ ಮೇಲೆ ಇದನ್ನು ಹೊಡೆಯುವುದು ಹಣದ ನಷ್ಟ. ಬೀಜಕಣ ಅದರ ಮೈಗೆ ತಾಗುವುದೇ ಇಲ್ಲ. ಹೆಣ್ಣಿನ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ಎಕರೆಗೆ 5ರಂತೆ ಕಟ್ಟಿ, ಪತಂಗಗಳು ಬೀಳಲು ಆರಂಭಿಸಿದ ಕೂಡಲೇ ಹೂವಿನ ಹತ್ತಿರದ ಎಲೆಗಳಲ್ಲಿ ಮೊಟ್ಟೆಯನ್ನು ಹುಡುಕಬೇಕು. ಮೊಟ್ಟೆ ಒಡೆದು ಕೆಲವೇ ದಿನಗಳಲ್ಲಿ ಮರಿಹುಳು ಕಾಯಿ ಸೇರುತ್ತದೆ. ಎಲೆಯ ಮೇಲೆ ಓಡಾಡುವ ಆ ಕೆಲವು ದಿನಗಳೇ ನಮಗಿರುವ ಅವಕಾಶ.

[ದೃಶ್ಯ: ಸಂಜೆ. ಸ್ಪ್ರೇಯರ್ ಹೊತ್ತ ರೈತರೊಬ್ಬರು ಎಲೆಯ ಕೆಳಬದಿಗೆ ಸಿಂಪಡಿಸುತ್ತಿದ್ದಾರೆ.]

ನಿರೂಪಣೆ: ಬ್ಯೂವೇರಿಯಾ ಪುಡಿಯನ್ನು ಸಾಮಾನ್ಯವಾಗಿ ಪ್ರತಿ ಲೀಟರ್ ನೀರಿಗೆ 5 ಗ್ರಾಂನಂತೆ ಬಳಸುತ್ತಾರೆ, ಆದರೆ ತಯಾರಿಕೆಗೆ ತಕ್ಕಂತೆ ಪ್ರಮಾಣ ಬದಲಾಗುವುದರಿಂದ ಪೊಟ್ಟಣದ ಮೇಲಿನ ಸೂಚನೆಯನ್ನೇ ಅನುಸರಿಸಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ ಸೋಸಿ, ಅಂಟುದ್ರಾವಣ ಸೇರಿಸಿ, ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿ ತೋಯುವಂತೆ ಸಿಂಪಡಿಸಬೇಕು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಬೀಜಕಣಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಸಂಜೆ ಹೊಡೆದರೆ ಇಡೀ ರಾತ್ರಿಯ ತಂಪು ಮತ್ತು ಬೆಳಗಿನ ಇಬ್ಬನಿ ಅವಕ್ಕೆ ದೊರೆಯುತ್ತವೆ. ಇದಕ್ಕೆ ಹಿತವಾದ ಉಷ್ಣತೆ ಸುಮಾರು 25ರಿಂದ 28 ಡಿಗ್ರಿ. 35 ಡಿಗ್ರಿ ದಾಟಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ಕಲಬುರಗಿ, ಯಾದಗಿರಿಯ ಬೇಸಿಗೆ ಬೆಳೆಗೆ ಇದನ್ನು ನಂಬಿ ಕೂರಬೇಡಿ ಎಂದೇ ನಾನು ಹೇಳುತ್ತೇನೆ. ಮುಂಗಾರಿನ ಕೊನೆಯಿಂದ ಹಿಂಗಾರಿನ ಆರಂಭದವರೆಗಿನ ಬೆಳೆಗೆ ಇದು ಒಪ್ಪುತ್ತದೆ.

ಇನ್ನು ನನ್ನ ಮನಸ್ಸಿಗೆ ಅತ್ಯಂತ ಮುಖ್ಯವೆನಿಸುವ ಮಾತು. ಈ ಶಿಲೀಂಧ್ರಕ್ಕೆ ಬೇಕಾದ ಮೋಡ ಮುಸುಕಿದ ತೇವದ ಹವೆಯೇ ಟೊಮೆಟೊದ ಅಂಗಮಾರಿ ರೋಗಕ್ಕೂ ಬೇಕು. ಅಂಗಮಾರಿ ಕಂಡ ರೈತರು ಮ್ಯಾಂಕೋಜೆಬ್ ಅಥವಾ ಕಾರ್ಬೆಂಡಜಿಂ ಹೊಡೆಯುತ್ತಾರೆ, ಖರ್ಚು ಉಳಿಸಲೆಂದು ಬ್ಯೂವೇರಿಯಾವನ್ನೂ ಅದೇ ಕ್ಯಾನಿಗೆ ಸುರಿಯುತ್ತಾರೆ. ರೋಗದ ಶಿಲೀಂಧ್ರವನ್ನು ಕೊಲ್ಲುವ ಔಷಧಿ ನಮಗೆ ಬೇಕಾದ ಶಿಲೀಂಧ್ರವನ್ನೂ ಕೊಲ್ಲದೆ ಬಿಡುವುದಿಲ್ಲ. ಹಣ ಕೊಟ್ಟು ತಂದ ಜೀವ ಕ್ಯಾನಿನಲ್ಲಿಯೇ ಸಾಯುತ್ತದೆ, ಕೊನೆಗೆ ಜೈವಿಕ ಔಷಧಿ ಬರೀ ಸುಳ್ಳು ಎಂಬ ಮಾತು ಊರೆಲ್ಲ ಹರಡುತ್ತದೆ. ರೋಗ ಹೆಚ್ಚಿದ್ದರೆ ಮೊದಲು ಅದರ ಔಷಧಿ ಹೊಡೆಯಿರಿ, ಕನಿಷ್ಠ ಒಂದು ವಾರ ಬಿಡಿ, ಸ್ಪ್ರೇಯರನ್ನು ಚೆನ್ನಾಗಿ ತೊಳೆದು ಆಮೇಲೆ ಬ್ಯೂವೇರಿಯಾ ಬಳಸಿ. ಕೊಳ್ಳುವಾಗಲೂ ತಯಾರಿಕೆಯ ದಿನಾಂಕವನ್ನು ನೋಡಿ. ತಗಡಿನ ಚಾವಣಿಯ ಕೆಳಗೆ ತಿಂಗಳುಗಟ್ಟಲೆ ಬೆಂದ ಪೊಟ್ಟಣದಲ್ಲಿ ಜೀವ ಉಳಿದಿರುವ ಭರವಸೆ ಕಡಿಮೆ.

[ದೃಶ್ಯ: ಟೊಮೆಟೊ ಸಾಲುಗಳ ನಡುವೆ ಹಳದಿ ಚೆಂಡು ಹೂವಿನ ಒಂದು ಸಾಲು.]

ನಿರೂಪಣೆ: ಶಿಲೀಂಧ್ರವೊಂದರಿಂದಲೇ ಬೆಳೆ ಉಳಿಯುತ್ತದೆಂದು ನಾನು ಹೇಳಲಾರೆ. ಟೊಮೆಟೊ ಸಸಿಗೆ 25 ದಿನ, ಚೆಂಡು ಹೂವಿನ ಸಸಿಗೆ 40 ದಿನ ತುಂಬಿದಾಗ ಎರಡನ್ನೂ ಒಟ್ಟಿಗೆ, 16 ಸಾಲಿಗೆ ಒಂದು ಸಾಲಿನಂತೆ ನೆಟ್ಟರೆ ಪತಂಗಗಳು ಚೆಂಡು ಹೂವಿನತ್ತ ಮೊಟ್ಟೆ ಇಡಲು ಹೋಗುತ್ತವೆ. ಕೊರೆದ ಕಾಯಿಗಳನ್ನು ಕಿತ್ತು ಹೊಲದ ಹೊರಗೆ ಹೂಳಬೇಕು. ಹೆಲಿಕೋವರ್ಪ ಮಣ್ಣಿನಲ್ಲಿ ಕೋಶವಾಗುವುದರಿಂದ, ಮೆಟಾರೈಜಿಯಂ ಬೆರೆಸಿದ ಕೊಟ್ಟಿಗೆ ಗೊಬ್ಬರವನ್ನು ತೇವವಿರುವ ಮಣ್ಣಿಗೆ ಸೇರಿಸುವುದೂ ಒಳ್ಳೆಯದು.

ಹೊಡೆದ ಮೂರನೆಯ ದಿನ ಹುಳು ಇನ್ನೂ ಹರಿದಾಡುತ್ತಿರುವುದನ್ನು ಕಂಡು ಗಾಬರಿಯಾಗಬೇಡಿ. ಅದು ಮೇಯುವುದನ್ನು ಕಡಿಮೆ ಮಾಡಿದೆಯೇ, ಮಂಕಾಗಿದೆಯೇ ಎಂದು ನೋಡಿ. ಒಂದು ವಾರದ ನಂತರ ಎಲೆಯ ಮೇಲೆ ಸುಣ್ಣ ಬಡಿದಂತೆ ಸತ್ತ ಹುಳುಗಳು ಸಿಕ್ಕರೆ ಅವನ್ನು ಕಿತ್ತು ಎಸೆಯದೆ ಗಿಡದಲ್ಲಿಯೇ ಬಿಡಿ. ಹವೆಯಲ್ಲಿ ತೇವವಿದ್ದರೆ ಅವುಗಳ ಮೈಮೇಲಿನ ಬೀಜಕಣಗಳು ಗಾಳಿಗೆ ಹಾರಿ ಪಕ್ಕದ ಹುಳುಗಳಿಗೂ ತಗಲುತ್ತವೆ.