ಕತ್ತರಿಸಿದ ಪ್ಲಾಸ್ಮಿಡ್ ಮತ್ತೆ ಮುಚ್ಚಿಕೊಂಡರೆ

ಬಂಧುಗಳೇ,

ಮಾಟುಂಗ, ಠಾಣೆ, ಡೊಂಬಿವಲಿಯಿಂದ ಬಂದಿರುವ ಬಯೋಟೆಕ್ ವಿದ್ಯಾರ್ಥಿಗಳೇ ಈ ಸಭೆಯಲ್ಲಿ ಹೆಚ್ಚು. ಹಾಗಾಗಿ ಪರೀಕ್ಷೆಯ ವ್ಯಾಖ್ಯೆಗಳನ್ನು ಪಕ್ಕಕ್ಕಿಟ್ಟು ಲ್ಯಾಬಿನ ಬೆಂಚಿನ ಮಾತನ್ನೇ ಆಡುತ್ತೇನೆ. ಡಿಎನ್‌ಎ ಕತ್ತರಿಸುವುದು ಅಷ್ಟೇನೂ ಕಷ್ಟವಲ್ಲ. ಕತ್ತರಿಸಿದ ಪ್ಲಾಸ್ಮಿಡ್ಡು, ಅಂದರೆ ಬ್ಯಾಕ್ಟೀರಿಯಾದ ಚಿಕ್ಕ ಡಿಎನ್‌ಎ ಉಂಗುರ, ನಾವು ಸೇರಿಸಬೇಕೆಂದ ಜೀನನ್ನು ಹೊರಗೇ ಬಿಟ್ಟು ತಾನೇ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವುದಿದೆಯಲ್ಲ, ಅದು ಕಷ್ಟ.

ಮೊದಲು ಕತ್ತರಿ. ನಿರ್ಬಂಧಕ ಕಿಣ್ವಗಳು ಬ್ಯಾಕ್ಟೀರಿಯಾಗಳ ಕಾವಲುಗಾರರು. ಒಳನುಗ್ಗಿದ ವೈರಸ್ಸಿನ ಡಿಎನ್‌ಎಯನ್ನು ತುಂಡರಿಸುತ್ತವೆ. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಗೆ ಮೀಥೈಲ್ ಗುರುತು ಹಾಕಿಕೊಂಡು ಉಳಿಯುತ್ತದೆ. ಇದನ್ನು ಬಿಡಿಸಿ ತೋರಿಸಿದ ವಿಜ್ಞಾನಿಗಳಾದ ಆರ್ಬರ್, ನೇಥನ್ಸ್, ಸ್ಮಿತ್ ಮೂವರಿಗೂ 1978ರಲ್ಲಿ ನೊಬೆಲ್ ಬಂತು. ಇಕೋ ಆರ್ ಒನ್ ಎಂಬ ನಿರ್ಬಂಧಕ ಕಿಣ್ವ ಡಿಎನ್‌ಎಯಲ್ಲಿ ಹುಡುಕುವುದು ಜಿಎಎಟಿಟಿಸಿ ಎಂಬ ಆರಕ್ಷರ. ‘ವಿಕಟಕವಿ’ಯನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ, ಇಲ್ಲಿ ಮಾತ್ರ ಹಿಂದಿನಿಂದ ಓದಬೇಕಾದ್ದು ಎದುರಿನ ಎಳೆಯನ್ನು. ಜಿ ಮತ್ತು ಎ ನಡುವೆ ಕೊಯ್ದರೆ ಎಎಟಿಟಿ ಎಂಬ ಅಂಟುತುದಿ ಚಾಚಿಕೊಳ್ಳುತ್ತದೆ. ಸ್ಮಾ ಒನ್ ಎಂಬ ಇನ್ನೊಂದು ಕಿಣ್ವ ಕೊಯ್ದರೆ ತುದಿ ಮೊಂಡು, ಜೋಡಿಸುವುದು ಹೆಚ್ಚು ಕಷ್ಟ.

ಒಂದು ಡೈಜೆಷನ್‌ಗೆ, ಅಂದರೆ ಕಿಣ್ವದಿಂದ ಕತ್ತರಿಸುವ ಕೆಲಸಕ್ಕೆ, 20 ಮೈಕ್ರೊಲೀಟರ್ ಸಾಕು: ಪ್ಲಾಸ್ಮಿಡ್ 1 ಮೈಕ್ರೊಗ್ರಾಂ, ಹತ್ತು ಪಟ್ಟಿನ ಬಫರ್ 2 ಮೈಕ್ರೊಲೀಟರ್, ಕಿಣ್ವ 1 ಮೈಕ್ರೊಲೀಟರ್, ಉಳಿದದ್ದು ನೀರು. ಕಿಣ್ವ ಕೊನೆಗೆ. ಅದು ಅರ್ಧಕ್ಕರ್ಧ ಗ್ಲಿಸರಾಲ್‌ನಲ್ಲಿರುವುದರಿಂದ ಜೇನಿನ ಹಾಗೆ ತಳಕ್ಕಿಳಿದು ಕೂರುತ್ತದೆ. ಟ್ಯೂಬನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಬೆರೆಸದಿದ್ದರೆ ಮೇಲಿನ ಡಿಎನ್‌ಎ ಹಾಗೇ ಉಳಿಯುತ್ತದೆ. ಬೇಗ ಆಗಲೆಂದು ಕಿಣ್ವ ಸುರಿಯಬೇಡಿ. ಗ್ಲಿಸರಾಲ್ ಶೇ. 5 ದಾಟಿದರೆ ಇಕೋ ಆರ್ ಒನ್ ತನ್ನದಲ್ಲದ ಜಾಗವನ್ನೂ ಕೊಯ್ಯತೊಡಗುತ್ತದೆ. 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ. ಸ್ಮಾ ಒನ್‌ಗೆ ಬೇಕಾದ್ದು 25 ಡಿಗ್ರಿ. ಅದನ್ನು ‘ಕೋಣೆಯ ಉಷ್ಣತೆ’ ಎಂದು ಬರೆದಿರುತ್ತಾರೆ, ಆದರೆ ಮೇ ತಿಂಗಳ ಮುಂಬಯಿಯಲ್ಲಿ ಎಸಿ ಇಲ್ಲದ ಕೋಣೆ 25 ಆಗುವುದಿಲ್ಲ. ಥರ್ಮಾಮೀಟರ್ ನೋಡಿಯೇ ಇಡಿ.

ಇನ್ನು ವಾಹಕ, ಅಂದರೆ ನಮ್ಮ ಜೀನನ್ನು ಹೊತ್ತೊಯ್ಯುವ ಪ್ಲಾಸ್ಮಿಡ್. ಅಂಥದ್ದೊಂದಾದ ಪಿಯುಸಿ19 ಕೇವಲ 2686 ಬೇಸ್ ಜೋಡಿಗಳ ಉಂಗುರ. ತಾನೇ ನಕಲಾಗುವ ಆರಂಭಬಿಂದು, ಆಂಪಿಸಿಲಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ತಡೆಯುವ ಜೀನ್, ಕತ್ತರಿಜಾಗಗಳನ್ನು ಒತ್ತೊತ್ತಾಗಿ ಇಟ್ಟುಕೊಂಡ, ಕಾಲೊನಿಗೆ ನೀಲಿ ಬಣ್ಣ ಬರಿಸುವ ಲ್ಯಾಕ್-ಝಡ್ ಜೀನಿನ ತುಣುಕು, ಇಷ್ಟೇ. ಒಂದೇ ಕಿಣ್ವದಿಂದ ಕೊಯ್ದರೆ ಎರಡು ತುದಿಗಳೂ ಒಂದೇ ಥರ, ಎದುರುಬದುರಾಗಿ ಸಿಕ್ಕ ಕೂಡಲೇ ಡಿಎನ್‌ಎ ಜೋಡಿಸುವ ಕಿಣ್ವವಾದ ಲೈಗೇಸ್ ಹೊಲಿದುಬಿಡುತ್ತದೆ. ಇಕೋ ಆರ್ ಒನ್ ಜೊತೆ ಹಿಂಡ್ ತ್ರೀ ಎಂಬ ಬೇರೆ ಕಿಣ್ವವನ್ನೂ ಬಳಸಿದರೆ ತುದಿಗಳು ಹೊಂದುವುದಿಲ್ಲ, ಜೀನ್ ಕೂಡ ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಒಂದೇ ಕಿಣ್ವ ಅನಿವಾರ್ಯವಾದರೆ ಫಾಸ್ಫಟೇಸ್ ಎಂಬ ಕಿಣ್ವದಿಂದ ವಾಹಕದ ತುದಿಯ ಫಾಸ್ಫೇಟ್ ತೆಗೆಯಿರಿ, ಅದಿಲ್ಲದೆ ಲೈಗೇಸ್ ಹೊಲಿಯಲಾರದು. ಆದರೆ ಲೈಗೇಷನ್‌ಗೆ, ಅಂದರೆ ಜೀನನ್ನು ವಾಹಕಕ್ಕೆ ಹೊಲಿಯುವುದಕ್ಕೆ ಮುಂಚೆ, ಆ ಫಾಸ್ಫಟೇಸನ್ನು ಕಾಯಿಸಿ ಕೊಲ್ಲಲೇಬೇಕು. ಉಳಿದರೆ ಜೀನಿನ ಫಾಸ್ಫೇಟನ್ನೂ ಕಿತ್ತುಹಾಕುತ್ತದೆ.

ಲೈಗೇಷನ್‌ನಲ್ಲಿ ಲೆಕ್ಕ ಹಾಕಬೇಕಾದ್ದು ತೂಕವಲ್ಲ, ಅಣುಗಳ ಸಂಖ್ಯೆ. ಒಂದು ವಾಹಕಕ್ಕೆ ಮೂರು ಜೀನ್ ಎಂದರೆ, 50 ನ್ಯಾನೊಗ್ರಾಂ ಪಿಯುಸಿ19ಗೆ 900 ಬೇಸ್ ಜೋಡಿಯ ಜೀನ್ ಸುಮಾರು 50 ನ್ಯಾನೊಗ್ರಾಂ ಬೇಕು. 16 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಲೈಗೇಸ್‌ಗೆ ಶಕ್ತಿ ಕೊಡುವ, ಬಫರಿನಲ್ಲಿರುವ ಎಟಿಪಿ ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕೆಡುತ್ತದೆ. ಬಂದ ದಿನವೇ ಚಿಕ್ಕ ಟ್ಯೂಬುಗಳಿಗೆ ಹಂಚಿಡಿ.

ಆಮೇಲೆ ಬ್ಯಾಕ್ಟೀರಿಯಾಗೆ ಸೇರಿಸಿ ಆಂಪಿಸಿಲಿನ್ ಇರುವ ತಟ್ಟೆಯಲ್ಲಿ ಹರಡುತ್ತೀರಿ. ಜೀನ್ ನಡುವೆ ಕೂತರೆ ಲ್ಯಾಕ್-ಝಡ್ ಮುರಿದು ನೀಲಿ ಬಣ್ಣ ಬರುವುದಿಲ್ಲ. ಬಿಳಿ ಕಾಲೊನಿ ಕಂಡರೆ ಜೀನ್ ಸೇರಿರಬಹುದು, ನೀಲಿ ಕಂಡರೆ ಖಾಲಿ ವಾಹಕ. ಆದರೂ ಬಣ್ಣವೊಂದನ್ನೇ ನಂಬದೆ ಇನ್ನೆರಡು ತಟ್ಟೆ ಹಾಕಿ: ಒಂದರಲ್ಲಿ ಲೈಗೇಸ್ ಇಲ್ಲದ ಕತ್ತರಿಸಿದ ವಾಹಕ, ಇನ್ನೊಂದರಲ್ಲಿ ಲೈಗೇಸ್ ಹಾಕಿ ಜೀನ್ ಹಾಕದ ವಾಹಕ. ಎರಡನೆಯದರಲ್ಲಿ ಮಾತ್ರ ಕಾಲೊನಿ ತುಂಬಿದ್ದರೆ ವಾಹಕ ತಾನೇ ಮುಚ್ಚಿಕೊಂಡಿದೆ. ಮೊದಲನೆಯದೇ ತುಂಬಿದ್ದರೆ ಪ್ಲಾಸ್ಮಿಡ್ ಪೂರ್ತಿ ಕತ್ತರಿಸಿಯೇ ಇಲ್ಲ. ಆಗ ಫಾಸ್ಫಟೇಸ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಡೈಜೆಷನ್ ಮತ್ತೊಮ್ಮೆ ಮಾಡಿ, ಜೆಲ್ ಓಡಿಸಿ, ಉದ್ದಕ್ಕೆ ಬಿಚ್ಚಿಕೊಂಡ ಬ್ಯಾಂಡನ್ನಷ್ಟೇ ಕೊಯ್ದು ತೆಗೆಯಿರಿ.