ಯಾವ ಎಲೆ ಕೀಳಬೇಕು? ಸೊಪ್ಪಿನ ಬೆಟ್ಟದಲ್ಲಿ ಒಂದು ದಿನ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಶಿರಸಿ ಕಡೆಯ ಒಂದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ಕಾಡು. ಸೊಪ್ಪು ಕಡಿದ ಮತ್ತಿ ಮರಕ್ಕೂ ಕಡಿಯದ ಮತ್ತಿ ಮರಕ್ಕೂ ಎಲೆಯ ಗಾತ್ರದಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡುವುದು ಇವತ್ತಿನ ಕೆಲಸ. ಎಲೆ ಕಿತ್ತು ಅಳೆದರೆ ಆಯಿತು ಅಲ್ವಾ? ಅಳೆಯುವುದೇನೋ ಸುಲಭ. ಯಾವ ಎಲೆ ಕೀಳಬೇಕು ಅನ್ನುವುದರಲ್ಲೇ ದಿನ ಹೋಗುತ್ತದೆ.

ಈ ಮರ ನೋಡಿ. ಕೈಗೆ ಎಟುಕುವಷ್ಟರಲ್ಲೇ ಬೇಕಾದಷ್ಟು ಎಲೆ ಇದೆ. ಆದರೆ ಇವೆಲ್ಲ ಕಡಿದ ಜಾಗದಿಂದ ಚಿಗುರಿದ ಹೊಸ ಗೆಲ್ಲುಗಳು. ಬೇರು ಹಳೇ ದೊಡ್ಡ ಮರದ್ದು, ಅದು ಹೀರಿದ್ದೆಲ್ಲ ಈ ನಾಲ್ಕು ಗೆಲ್ಲಿಗೆ. ಹಾಗಾಗಿ ಇಂಥ ಚಿಗುರಿನ ಎಲೆ ಸಾಮಾನ್ಯವಾಗಿ ಜಾಸ್ತಿ ದೊಡ್ಡದು. ನೆತ್ತಿಯ ಮೇಲೆ ಬಿಸಿಲು ತಿನ್ನುವ ಎಲೆ ಚಿಕ್ಕದು, ದಪ್ಪ. ಒಳಗಿನ ನೆರಳಿನ ಎಲೆ ಅಗಲ, ತೆಳು. ಒಂದೇ ಮರ, ಮೂರು ಲೆಕ್ಕ. ಹಲಸಿನ ಸಸಿಯಲ್ಲಂತೂ ಎಲೆ ಸೀಳು ಸೀಳಾಗಿರುತ್ತದೆ, ದೊಡ್ಡ ಮರದಲ್ಲಿ ಹಾಗಿಲ್ಲ.

ಅದಕ್ಕೇ ಸಂಶೋಧಕರು ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಪೂರ್ತಿ ಬಲಿತ, ಹುಳ ತಿನ್ನದ, ನೇರ ಬಿಸಿಲು ಬೀಳುವ ಎಲೆಯನ್ನೇ ತೆಗೆಯಬೇಕು. ಹೀಗೆ ಮಾಡಿದರೆ ಮರದ ಎಲ್ಲ ಎಲೆಗಳ ಸರಾಸರಿ ಸಿಗುವುದಿಲ್ಲ. ಆದರೆ ಒಂದು ಮರವನ್ನು ಇನ್ನೊಂದರ ಜೊತೆ ಸರಿಯಾಗಿ ಹೋಲಿಸಬಹುದು. ಕಡಿದ ಮರದಿಂದ ಬುಡದ ಚಿಗುರು, ಕಡಿಯದ ಮರದಿಂದ ನೆತ್ತಿಯ ಎಲೆ ತಂದು ಪಕ್ಕಪಕ್ಕ ಇಟ್ಟರೆ ಆ ಹೋಲಿಕೆಗೆ ಅರ್ಥವೇ ಇಲ್ಲ.

ನೆತ್ತಿಯ ಎಲೆ ಇಳಿಸುವುದು ಹೇಗೆ? ಪನಾಮಾದ ಕಾಡಿನಲ್ಲಿ ವಿಜ್ಞಾನಿಗಳು ಕ್ರೇನ್ ನಿಲ್ಲಿಸಿಕೊಂಡಿದ್ದಾರೆ. ಕೆಲವು ಕಡೆ ಬಂದೂಕಿನಿಂದ ಗೆಲ್ಲು ಬೀಳಿಸುತ್ತಾರೆ. ನಮ್ಮ ಹತ್ತಿರ ಇರುವುದು ಅಡಿಕೆ ಕೊಯ್ಯುವ ಫೈಬರ್ ದೋಟಿ, ಮತ್ತೆ ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗೌಡರು. ದೋಟಿ ಎತ್ತುತ್ತಾ ಅವರು ಕೇಳಿದರು, "ತಂಗೀ, ಕೆಳಗೆ ಬಿದ್ದಿದ್ದನ್ನೇ ಹೆಕ್ಕಿದರೆ ಆಗಲ್ವಾ?" ಪ್ರಶ್ನೆ ಚೆನ್ನಾಗಿದೆ. ತರಗೆಲೆ ಹಿಡಿಯಲು ಬಲೆ ಕಟ್ಟುವ ಪದ್ಧತಿಯೂ ಇದೆ. ಆದರೆ ಬಿದ್ದ ಎಲೆ ಯಾವ ಮರದ್ದು, ಯಾವ ಎತ್ತರದ್ದು ಅಂತ ಹೇಳುವುದು ಕಷ್ಟ. ಒಣಗಿದರೆ ಮುದುಡಿ ಚಿಕ್ಕದೂ ಆಗುತ್ತದೆ. ನಾವು ಕಿತ್ತ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕುವುದೂ ಅದಕ್ಕೇ.

ಮರದ ಎಲ್ಲ ಎಲೆಗಳ ಸರಾಸರಿಯೇ ಬೇಕು ಅಂದರೆ ದಾರಿ ಬೇರೆ. ನನಗೆ ತುಂಬ ಇಷ್ಟವಾದ ದಾರಿ ಇದು. ಅಮೆರಿಕದ ರೇಮಂಡ್ ಜೆಸೆನ್ 1955ರಲ್ಲಿ ಮರದ ಹಣ್ಣು ಎಣಿಸಲು ಇದನ್ನು ಬರೆದಿಟ್ಟರು. ಬುಡದಿಂದ ಹೊರಡಿ. ಕವಲು ಬಂದಲ್ಲಿ ಚೀಟಿ ಎತ್ತಿ. ಆದರೆ ದಪ್ಪ ಗೆಲ್ಲಿಗೆ ಜಾಸ್ತಿ ಚೀಟಿ. ಒಂದು ಗೆಲ್ಲು 4 ಸೆಂ.ಮೀ. ದಪ್ಪ, ಇನ್ನೊಂದು 2 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅಡ್ಡ ಕೊಯ್ದರೆ ಕಾಣುವ ಮುಖದ ಲೆಕ್ಕದಲ್ಲಿ ಮೊದಲನೆಯದು 4 ಪಾಲು, ಎರಡನೆಯದು 1 ಪಾಲು. ಅಂದರೆ ಐದು ಚೀಟಿಯಲ್ಲಿ ನಾಲ್ಕು ದಪ್ಪದ್ದಕ್ಕೆ. ಹೀಗೇ ತುದಿವರೆಗೆ ಹೋಗಿ, ಅಲ್ಲಿನ ಎಲೆಗಳನ್ನೆಲ್ಲ ಅಳೆಯಬೇಕು. ದಾರಿಯ ಸಾಧ್ಯತೆಗಳನ್ನೆಲ್ಲ (ಮೇಲಿನ ದಪ್ಪ ಗೆಲ್ಲಿಗೆ ಐದರಲ್ಲಿ ನಾಲ್ಕು, ಹೀಗೆ) ಗುಣಿಸಿ, ಬಂದ ಸಂಖ್ಯೆಯಿಂದ ಆ ಎಲೆಗಳ ಒಟ್ಟು ವಿಸ್ತೀರ್ಣವನ್ನು ಭಾಗಿಸಿದರೆ ಇಡೀ ಮರದ ಎಲೆ ವಿಸ್ತೀರ್ಣದ ಅಂದಾಜು ಸಿಗುತ್ತದೆ. ಎಲೆಗಳ ಎಣಿಕೆಯನ್ನೂ ಹೀಗೇ ಅಂದಾಜು ಮಾಡಿ, ವಿಸ್ತೀರ್ಣವನ್ನು ಅದರಿಂದ ಭಾಗಿಸಿದರೆ ಸರಾಸರಿ. ಒಂದು ದಾರಿ ಸಾಲದು, ಕೆಲವಾದರೂ ಬೇಕು. ಮರ ಹತ್ತುವವರಿಗೆ ಮಾತ್ರ ಇದು ಶಿಕ್ಷೆ.

ಇನ್ನೊಂದು ಮಾತು. ಒಂದೇ ಮರದಿಂದ ನೂರು ಎಲೆ ತಂದರೂ ನಿಮಗೆ ಗೊತ್ತಾಗುವುದು ಆ ಮರದ ಸಂಗತಿ ಮಾತ್ರ. ಮತ್ತಿಯ ಬಗ್ಗೆ ಹೇಳಬೇಕಾದರೆ ಎಲೆ ಕಡಿಮೆ ಮಾಡಿ, ಮರ ಜಾಸ್ತಿ ಮಾಡಿ.

ಅಳತೆಗೆ ಸ್ಕ್ಯಾನರ್ ಮತ್ತು ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಕರೆಂಟ್ ಇಲ್ಲದಿದ್ದರೆ ಗ್ರಾಫ್ ಹಾಳೆ. ಮೊಟ್ಟೆಯಾಕಾರದ ಎಲೆಗೆ ಉದ್ದ, ಅಗಲ ಗುಣಿಸಿ ಮೂರರಲ್ಲಿ ಎರಡು ಪಾಲು ತೆಗೆದರೂ ಹತ್ತಿರ ಬರುತ್ತದೆ.

ಇಷ್ಟೆಲ್ಲ ರಗಳೆ ಬೇಕಾ? ಅದು ನಿಮ್ಮ ಪ್ರಶ್ನೆಯ ಮೇಲಿದೆ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ರೌಂಕಿಯರ್ ಮಾಡಿದ ಎಲೆ ಗುಂಪುಗಳಲ್ಲಿ 20.25ರಿಂದ 182.25 ಚದರ ಸೆಂ.ಮೀ.ವರೆಗಿನದೆಲ್ಲ ಒಂದೇ ಗುಂಪು. ಅದಕ್ಕಾದರೆ ಒರಟು ಅಳತೆ ನಡೆಯುತ್ತದೆ. ನನ್ನದು ಮತ್ತಿಗೂ ಮತ್ತಿಗೂ ಹೋಲಿಕೆ. ಆ ಗುಂಪಿನೊಳಗೆ ವ್ಯತ್ಯಾಸ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ಬುಡದ ಚಿಗುರಿನ ಎಲೆಗಳನ್ನೂ ಕಿತ್ತಿದ್ದೇನೆ, ಆದರೆ ಅವುಗಳ ಚೀಲ ಬೇರೆ, ಪಟ್ಟಿಯೂ ಬೇರೆ.