ಎಕರೆ ಲೆಕ್ಕದ ನೀರು

ನಮಸ್ಕಾರ. ಮದ್ದೂರು ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ಗದ್ದೆ ಇರುವುದು ನಾಲೆಯ ಕಟ್ಟಕಡೆಯಲ್ಲಿ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟರೆಂದರೆ ಮಾವ ಬ್ಯಾಟರಿ, ಸನಿಕೆ ಹಿಡಿದು ರಾತ್ರಿಯಿಡೀ ಬದುವಿನ ಮೇಲೆ ಕೂರುತ್ತಾರೆ. ಒಮ್ಮೆ ನಾನೂ ಕೂತಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಬಂದದ್ದು ಹಿಮ್ಮಡಿ ಮುಳುಗುವಷ್ಟು ನೀರು, ಜೊತೆಗೊಂದು ಒಂಟಿ ಹವಾಯಿ ಚಪ್ಪಲಿ. ಬೈಕ್ ಹತ್ತಿ ನಾಲೆ ಏರಿ ಹಿಡಿದು ಮೇಲಕ್ಕೆ ಹೋದೆ. ಮೂರು ಕಿಲೋಮೀಟರ್ ಆಚೆ ಕಬ್ಬಿನ ಗದ್ದೆಯೊಂದು ತುಂಬಿ ತುಳುಕಿ, ನೀರು ಬದು ಕೊಚ್ಚಿಕೊಂಡು ಹಳ್ಳ ಸೇರುತ್ತಿತ್ತು. ನೀರು ಕಟ್ಟಿದವರು ಮನೆಗೆ ಹೋಗಿ ಮಲಗಿದ್ದರು.

ಅವರನ್ನು ಬೈಯಲು ನನಗೆ ಬಾಯಿ ಬಾರದು. ನಿದ್ದೆಗೆಟ್ಟು ತೂಬು ಮುಚ್ಚಿದರೆ ಅವರಿಗೇನು ಉಳಿಯುತ್ತದೆ? ನಮ್ಮಲ್ಲಿ ನೀರಿನ ಕರ ಹಾಕುವುದು ಬೆಳೆ ನೋಡಿ, ಎಕರೆ ಲೆಕ್ಕದಲ್ಲಿ. ಎರಡು ಅಂಗುಲ ನಿಲ್ಲಿಸಿದರೂ ಅಷ್ಟೇ, ಮೊಳಕಾಲುದ್ದ ನಿಲ್ಲಿಸಿದರೂ ಅಷ್ಟೇ. ಹೆಸರಿಗೆ ನೀರಿನ ಕರ, ವರಸೆಯೆಲ್ಲ ಕಂದಾಯದ್ದು. ಹಳ್ಳಕ್ಕೆ ಹೋದ ನೀರಿಗೂ ದುಡ್ಡು ತೆರುವವರಿದ್ದಾರೆ: ಮಾವ, ಒಣಗಿದ ಒಟ್ಲಿನ, ಅಂದರೆ ಭತ್ತದ ಸಸಿಮಡಿಯ, ರೂಪದಲ್ಲಿ. ಮೇಲಿನವರೂ ನಿಧಾನಕ್ಕೆ ತೆರುತ್ತಾರೆ, ಅವರ ಭೂಮಿ ನೀರು ನಿಂತು ಜವಳು ಹಿಡಿದಾಗ.

ಒಬ್ಬರ ಲಾಭದ ಖರ್ಚು ಇನ್ನೊಬ್ಬರ ತಲೆಗೆ ಬೀಳುವಾಗ ತೆರಿಗೆ ಹಾಕಿ ಸರಿಪಡಿಸಿ ಎಂದು ಆರ್ಥರ್ ಪಿಗೂ 1920ರಲ್ಲೇ ಹೇಳಿದ್ದರು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು, ತೂಬಿಗೆ ಮೀಟರ್ ಕೂರಿಸಿದರೆ ಅದು ಎಷ್ಟು ರಾತ್ರಿ ಅಲ್ಲಿ ಉಳಿದೀತೆಂದು ಅವರಿಗೆ ತಿಳಿಯುವ ಪ್ರಮೇಯವಿರಲಿಲ್ಲ. ನನಗೆ ಹೆಚ್ಚು ಹಿಡಿಸುವುದು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್. ಸ್ಪೇನ್, ಫಿಲಿಪ್ಪೀನ್ಸ್, ನೇಪಾಳದ ಕಾಲುವೆಗಳನ್ನು ನೋಡಿ, ಹಂಚಿಕೊಳ್ಳುವವರೇ ನಿಯಮ ಮಾಡಿ ತಾವೇ ಕಾವಲು ಕಾದರೆ ನೀರು ಉಳಿಯುತ್ತದೆ ಎಂದು ತೋರಿಸಿದರು. ನಮ್ಮ ಕೆರೆಗಳಲ್ಲಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಮಾಡುತ್ತಿದ್ದದ್ದು ಇನ್ನೇನು? ಅವನ ಸಂಬಳ ಕಣದಲ್ಲಿ, ಕಾಳಿನ ಲೆಕ್ಕದಲ್ಲಿ. ಕೊನೆಯ ಗದ್ದೆ ಒಣಗಿದರೆ ಅವನ ಪಾಲೂ ಅಷ್ಟರಮಟ್ಟಿಗೆ ಒಣಗುತ್ತಿತ್ತು. ಬೆಲೆ ಕಟ್ಟುವ ಜಾಣತನ ಇದು.

ಹಾಗಾಗಿ ಮೀಟರನ್ನು ಉಪನಾಲೆಯ ಬಾಯಲ್ಲಿ ಇಡಲಿ. ನೀರು ಬಳಕೆದಾರರ ಸಂಘಕ್ಕೆ ಅಳೆದು ಕೊಡಲಿ, ಅಳತೆಗೆ ತಕ್ಕ ದುಡ್ಡು ಕೇಳಲಿ. ಒಳಗೆ ಯಾರ ತೂಬು ಎಷ್ಟು ಹೊತ್ತು ಎಂಬ ಜಗಳವನ್ನು ಊರಿನವರೇ ಆಡಿಕೊಳ್ಳಲಿ.

ಮಂಡ್ಯದಲ್ಲಿ ಈ ಮಾತೆತ್ತಿದರೆ, "ಮೊದಲು ಬೆಂಗಳೂರಿಗೆ ಹೇಳಿ" ಎನ್ನುತ್ತಾರೆ. ತಪ್ಪಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಪಂಪಿನಲ್ಲಿ ಮೇಲೆತ್ತಿ ಒಯ್ಯುವ ಆ ನಗರ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಳೆಯ ದರದಲ್ಲೇ ಕುಡಿದು, 2025ರ ಏಪ್ರಿಲ್‌ನಲ್ಲಿ ದರ ಏರಿಸಿತು. ವಿದ್ಯುತ್ತಿನ ಖರ್ಚು, ಪೈಪಿನ ಖರ್ಚು ಎಂದು ಚರ್ಚೆಯೆಲ್ಲ ನಡೆಯಿತು. ಕೊನೆ ಗದ್ದೆಯ ಮಾತು ಎಲ್ಲಿ ಬಂತು?

ಮಾವನನ್ನೇ ಕೇಳಿದೆ: "ಅಳೆದು ಕೊಟ್ಟರೆ ದುಡ್ಡು ಕೊಡುತ್ತೀರಾ ಮಾವ?"

"ಕೊಡುತ್ತೇನೆ ಕಣಪ್ಪ. ಅಳೆಯುವಷ್ಟು ಬರಲಿ" ಎಂದು ಚಪ್ಪಲಿಯನ್ನು ಸನಿಕೆಯಲ್ಲಿ ಎತ್ತಿ ಬದುವಿನಾಚೆ ಎಸೆದರು.